ದಂಡಿನ ನ್ಯಾಯವೂ ದಂಡಿನ ವಕೀಲನೂ

ರಾಜ್ಯದ ಬಲವು ದಂಡಿನಲ್ಲಿ, ದಂಡಿನ ಬಲವು ಶಿಸ್ತಿನಲ್ಲಿ ಎಂಬ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಶಿಸ್ತಿನ ಬಲವು ಯಾವುದರಲ್ಲಿದೆ ಎಂದು ಕೇಳಿದರೆ ಸರಿಯಾದ ಉತ್ತರ ಕೊಡುವವರು ವಿರಳ. ಭಯದಲ್ಲಿ ಎಂದು ಕೆಲವರು ಹೇಳುವರು. ಅಭ್ಯಾಸದಲ್ಲಿ ಎಂದು ಇನ್ನು ಕೆಲವರು ಹೇಳುವರು. ನಮ್ಮ ಮತದಲ್ಲಿ ಶಿಸ್ತಿನ ಬಲವಿರುವದು ನ್ಯಾಯದಲ್ಲಿ. ತನ್ನ ಮೇಲಧಿಕಾರಿಯು ತನ್ನನ್ನು ಸಾವಿನ ಬಾಯಿಗೆ ಕಳುಹಿಸಬಲ್ಲನೆಂಬುದನ್ನು ಸಿಪಾಯಿಯು ಬಲ್ಲನು. ಅದೇ ಅಧಿಕಾರಿಯು ತನಗೆ ಅನ್ಯಾಯ ಮಾಡಲಾರನೆಂಬ ನಂಬಿಗೆಯೂ ಅವನಲ್ಲಿದ್ದರೆ ಮಾತ್ರ ಅವನು ಮನಃಪೂರ್ವಕವಾಗಿ ಆಜ್ಞೆಯನ್ನು ಪಾಲಿಸುವನು. ಈ ನಂಬಿಗೆಯನ್ನು ಕಾಯತಕ್ಕ ಸಂಸ್ಥೆಯೇ ಸೈನಿಕ ನ್ಯಾಯಾಲಯ, ಅಂದರೆ ಕೋರ್ಟ್ ಮಾರ್ಶಲ್. ಅದರೊಳಗೆ ಕಾಯಿದೆಯ ಮಾತನ್ನು ಎತ್ತಿ ಹೇಳತಕ್ಕವನೇ ದಂಡಿನ ವಕೀಲನು.

ಈ ವಕೀಲನ ವಿಷಯವು ೨೦೨೫ನೆಯ ಇಸವಿಯಲ್ಲಿ ಕೆಲವು ದಿನಗಳ ಮಟ್ಟಿಗಾದರೂ ದೇಶದ ಕಿವಿಗೆ ಬಿದ್ದಿತು. ಭೂಸೇನೆಯ ಜಜ್ ಅಡ್ವೊಕೇಟ್ ಜನರಲ್ ಶಾಖೆಗೆ ಕಾಯಿದೆಯ ಪದವೀಧರರನ್ನು ಆರಿಸಿಕೊಳ್ಳುವಾಗ ಪುರುಷರಿಗೆ ಹೆಚ್ಚು ಸ್ಥಾನಗಳನ್ನೂ ಸ್ತ್ರೀಯರಿಗೆ ಕಡಿಮೆ ಸ್ಥಾನಗಳನ್ನೂ ಗೊತ್ತುಪಡಿಸುವದು ಸಂವಿಧಾನಕ್ಕೆ ವಿರುದ್ಧವಾದದ್ದೆಂದು ಸುಪ್ರೀಂ ಕೋರ್ಟು ಆ ವರ್ಷದ ಆಗಸ್ಟ್ ೧೧ರಂದು ನಿರ್ಣಯ ಕೊಟ್ಟಿತು. ನಿರ್ಣಯವು ಸ್ತುತ್ಯವಾದದ್ದು, ಯೋಗ್ಯತೆಯೊಂದೇ ಆಯ್ಕೆಯ ಅಳತೆಗೋಲಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಶಾಖೆಯನ್ನು ಯಾರು ಸೇರಬೇಕೆಂಬ ಚರ್ಚೆಯಾಯಿತೇ ಹೊರತು, ಸೇರಿದ ಬಳಿಕ ಅವರು ಮಾಡುವ ಕೆಲಸವೇನು, ಯಾರ ಕೈಕೆಳಗೆ ಮಾಡುವರು, ಎಷ್ಟು ಸ್ವತಂತ್ರವಾಗಿ ಮಾಡುವರು ಎಂಬ ಚರ್ಚೆಯಾಗಲಿಲ್ಲ. ಆ ಎರಡನೆಯ ಪ್ರಶ್ನೆಯನ್ನೇ ಇಂದು ವಾಚಕರ ಮುಂದಿಡುವದು ನಮ್ಮ ಉದ್ದೇಶ.

ಊರಿನ ಗೃಹಸ್ಥರಿಗೂ ಶಾಲೆಯ ಮಾಸ್ತರರಿಗೂ ಇದರಿಂದೇನು ಎಂದು ಯಾರಾದರೂ ಕೇಳಬಹುದು. ದಂಡಿಗೆ ಸೇರುವವರು ಆಕಾಶದಿಂದ ಇಳಿದು ಬಂದವರಲ್ಲ. ಕೊಡಗಿನ ಮನೆಗಳಿಂದ, ಬೆಳಗಾವಿ ವಿಜಾಪುರದ ಹಳ್ಳಿಗಳಿಂದ, ಮಾಸ್ತರರ ಕೈಯಲ್ಲಿ ಅಕ್ಷರ ತಿದ್ದಿದ ಹುಡುಗರೇ ಸಿಪಾಯಿಗಳಾಗಿ ಹೋಗುವರು. ಸಂವಿಧಾನದ ೩೩ನೆಯ ಅನುಚ್ಛೇದವು ಸೈನಿಕರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು ಪಾರ್ಲಿಮೆಂಟಿಗೆ ಕೊಟ್ಟಿದೆ. ದೇಶದ ರಕ್ಷಣೆಗಾಗಿ ಈ ತ್ಯಾಗವು ಅವಶ್ಯವೆಂದು ಸಿಪಾಯಿಯೂ ಒಪ್ಪುವನು. ಆದರೆ ಹಕ್ಕನ್ನು ಮೊಟಕುಗೊಳಿಸುವದು ಬೇರೆ, ನ್ಯಾಯವನ್ನು ಮೊಟಕುಗೊಳಿಸುವದು ಬೇರೆ. ನಮಗಾಗಿ ತನ್ನ ಸ್ವಾತಂತ್ರ್ಯದ ಒಂದು ಪಾಲನ್ನು ಬಿಟ್ಟುಕೊಟ್ಟವನಿಗೆ ಉಳಿದ ಪಾಲಾದರೂ ಭದ್ರವಾಗಿದೆಯೋ ಇಲ್ಲವೋ ಎಂದು ನೋಡುವದು ನಮ್ಮ ಕರ್ತವ್ಯವಲ್ಲವೆ?

ಕೋರ್ಟ್ ಮಾರ್ಶಲ್ ಎಂದ ಕೂಡಲೇ ನಮ್ಮ ಜನರ ಮನಸ್ಸಿಗೆ ಬರುವದು ದಿಲ್ಲಿಯ ಕೆಂಪು ಕೋಟೆಯ ಖಟ್ಲೆ. ೧೯೪೫ನೆಯ ನವೆಂಬರ ೫ರಂದು ಆರಂಭವಾಗಿ ಆ ವರ್ಷದ ಕೊನೆಯ ದಿನದ ವರೆಗೆ ನಡೆದ ಆ ಖಟ್ಲೆಯಲ್ಲಿ ಆಝಾದ ಹಿಂದ ಸೇನೆಯ ಶಹಾನವಾಜ ಖಾನ, ಪ್ರೇಮಕುಮಾರ ಸಹಗಲ್, ಗುರುಬಕ್ಷಸಿಂಗ ಧಿಲ್ಲೋನ ಇವರು ಆರೋಪಿಗಳಾಗಿ ನಿಂತರು. ಬಾದಶಹನ ವಿರುದ್ಧ ಯುದ್ಧ ಹೂಡಿದರೆಂಬುದು ಮುಖ್ಯ ಆರೋಪ. ಮೇಜರ್ ಜನರಲ್ ಬ್ಲಾಕ್ಸ್‌ಲ್ಯಾಂಡರ ಅಧ್ಯಕ್ಷತೆಯಲ್ಲಿ ಏಳು ಜನ ಅಧಿಕಾರಿಗಳು ನ್ಯಾಯಾಸನದಲ್ಲಿ ಕುಳಿತಿದ್ದರು. ಅವರಲ್ಲಿ ನಾಲ್ವರು ಆಂಗ್ಲರು, ಮೂವರು ಭಾರತೀಯರು. ಸರಕಾರದ ಪರವಾಗಿ ಅಡ್ವೊಕೇಟ್ ಜನರಲ್ ಸರ್ ನೌಶೇರವಾನ ಇಂಜಿನಿಯರರು ವಾದಿಸಿದರು. ಆರೋಪಿಗಳ ಪರವಾಗಿ ಭುಲಾಭಾಯಿ ದೇಸಾಯಿ, ತೇಜಬಹಾದ್ದೂರ ಸಪ್ರೂ, ಕೈಲಾಸನಾಥ ಕಾಟ್ಜೂ, ಅಸಫ್ ಅಲಿ ಮೊದಲಾದ ಧುರೀಣರು ನಿಂತರು; ಎಷ್ಟೋ ವರ್ಷಗಳ ಹಿಂದೆ ವಕೀಲಿಯನ್ನು ಬಿಟ್ಟಿದ್ದ ಜವಾಹರಲಾಲ ನೆಹರೂ ಅವರು ಮತ್ತೆ ಬ್ಯಾರಿಸ್ಟರನ ನಿಲುವಂಗಿಯನ್ನು ತೊಟ್ಟರು.

ದಾಸ್ಯದಲ್ಲಿರುವ ಜನಾಂಗವು ತನ್ನ ಬಿಡುಗಡೆಗಾಗಿ ಸುಸಂಘಟಿತವಾದ ಸರಕಾರವನ್ನೂ ಸೇನೆಯನ್ನೂ ಕಟ್ಟಿಕೊಂಡು ಯುದ್ಧ ಮಾಡುವದು ಅಂತರರಾಷ್ಟ್ರೀಯ ಧರ್ಮಕ್ಕೆ ಸಮ್ಮತವಾದದ್ದು, ಅಂಥ ಯುದ್ಧದಲ್ಲಿ ಹೋರಾಡಿದವರನ್ನು ಸಾಮಾನ್ಯ ದಂಡ ಸಂಹಿತೆಯಿಂದ ಅಳೆಯಲಾಗದು ಎಂಬುದು ಭುಲಾಭಾಯಿಯವರ ವಾದದ ಸಾರ. ಕರ್ನಲ್ ಕೆರಿನ್ ಎಂಬವರು ಜಜ್ ಅಡ್ವೊಕೇಟರಾಗಿ ಸಾಕ್ಷ್ಯವನ್ನೂ ಕಾಯಿದೆಯನ್ನೂ ನ್ಯಾಯಾಸನಕ್ಕೆ ಬಿಡಿಸಿ ಹೇಳಿದರು. ಮೂವರೂ ಯುದ್ಧ ಹೂಡಿದ ಅಪರಾಧಿಗಳೆಂದು ತೀರ್ಪಾಗಿ ಜನ್ಮಾವಧಿ ಗಡಿಪಾರಿನ ಶಿಕ್ಷೆಯೂ ನೌಕರಿಯಿಂದ ವಜಾ ಆದ ಶಿಕ್ಷೆಯೂ ಬಂದವು. ಆದರೆ ತೀರ್ಪನ್ನು ಮಂಜೂರು ಮಾಡತಕ್ಕ ಅಧಿಕಾರವಿದ್ದ ಸರಸೇನಾಪತಿ ಆಕಿನ್‌ಲೆಕ್ಕರು ೧೯೪೬ನೆಯ ಜನೆವರಿ ಆರಂಭದಲ್ಲಿ ಗಡಿಪಾರಿನ ಶಿಕ್ಷೆಯನ್ನು ಮಾಫಿ ಮಾಡಿದರು. ಮೂವರೂ ಬಿಡುಗಡೆ ಹೊಂದಿ ಹೊರಬಂದರು.

ಈ ಕಥೆಯನ್ನು ನಾವು ಅಭಿಮಾನದಿಂದ ಹೇಳುತ್ತೇವೆ, ಹೇಳತಕ್ಕದ್ದೇ. ಆದರೆ ಅದರಲ್ಲಿ ಅಡಗಿರುವ ಇನ್ನೊಂದು ಪಾಠವನ್ನು ನಾವು ಗಮನಿಸಿಲ್ಲ. ಪರಕೀಯ ಸರಕಾರವು ಕೂಡ ಆ ಮೂವರಿಗೆ ದೇಶದಲ್ಲಿಯೇ ಶ್ರೇಷ್ಠರಾದ ವಕೀಲರನ್ನು ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. ಬಹಿರಂಗವಾಗಿ ವಿಚಾರಣೆ ನಡೆಸಿತು. ಕೊನೆಗೆ ಶಿಕ್ಷೆಯನ್ನು ಕೈಬಿಟ್ಟಿತು. ಏಕೆಂದರೆ ಇಡಿಯ ರಾಷ್ಟ್ರವೇ ಕಣ್ಣು ತೆರೆದು ನೋಡುತ್ತಿತ್ತು. ರಾಷ್ಟ್ರವು ನೋಡದೆ ಇರುವ ಖಟ್ಲೆಯ ಗತಿಯೇನು? ದೂರದ ಠಾಣ್ಯದಲ್ಲಿ ರಜೆ ಮೀರಿ ಉಳಿದನೆಂದೋ ಆಜ್ಞೆ ಮೀರಿದನೆಂದೋ ಆರೋಪಿಯಾಗಿ ನಿಂತ, ಹೆಸರಿಲ್ಲದ ಸಿಪಾಯಿಯ ಪರವಾಗಿ ಮಾತನಾಡುವವರಾರು? ಸೈನಿಕ ನ್ಯಾಯದ ನಿಜವಾದ ಪರೀಕ್ಷೆಯಾಗುವದು ಕೆಂಪು ಕೋಟೆಯಲ್ಲಲ್ಲ, ಆ ಠಾಣ್ಯದಲ್ಲಿ.

ಆದ್ದರಿಂದ ಕಾಯಿದೆಯ ರಚನೆಯನ್ನು ಸ್ವಲ್ಪ ನೋಡೋಣ. ಇಂಗ್ಲಂಡದಲ್ಲಿ ೧೬೮೯ರಲ್ಲಿ ಆದ ದಂಗೆಯ ಕಾಯಿದೆಯಿಂದ ಈ ಶಾಸ್ತ್ರದ ಆಧುನಿಕ ವಂಶಾವಳಿಯು ಆರಂಭವಾಗುವದು. ನಮ್ಮಲ್ಲಿ ೧೯೧೧ರ ಇಂಡಿಯನ್ ಆರ್ಮಿ ಆಕ್ಟು ಜಾರಿಯಲ್ಲಿತ್ತು. ಸ್ವತಂತ್ರ ಭಾರತವು ೧೯೫೦ರಲ್ಲಿ ಹೊಸ ಕಾಯಿದೆಯನ್ನು ಮಾಡಿ ಅದನ್ನು ಆ ವರ್ಷದ ಜುಲೈ ೨೨ರಿಂದ ಜಾರಿಗೆ ತಂದಿತು. ೧೯೫೪ರಲ್ಲಿ ಅದರ ನಿಯಮಗಳಾದವು. ಹೆಸರು ಹೊಸದಾದರೂ ಮನೆಯ ಅಡಿಪಾಯವು ಹಳೆಯದೇ ಉಳಿಯಿತು. ಈ ಕಾಯಿದೆಯ ಪ್ರಕಾರ ಭೂಸೇನೆಯಲ್ಲಿ ನಾಲ್ಕು ಬಗೆಯ ನ್ಯಾಯಾಲಯಗಳುಂಟು. ಕನಿಷ್ಠ ಐವರು ಅಧಿಕಾರಿಗಳು ಕೂಡುವ ಜನರಲ್ ಕೋರ್ಟ್ ಮಾರ್ಶಲ್ ಮರಣದಂಡನೆಯನ್ನೂ ಕೊಡಬಲ್ಲದು. ಕನಿಷ್ಠ ಮೂವರು ಕೂಡುವ ಡಿಸ್ಟ್ರಿಕ್ಟ್ ಕೋರ್ಟ್ ಮಾರ್ಶಲ್ ಎರಡು ವರ್ಷಗಳ ಸೆರೆವಾಸದ ವರೆಗೆ ಶಿಕ್ಷಿಸಬಲ್ಲದು. ಯುದ್ಧಕಾಲದಂಥ ಪ್ರಸಂಗಕ್ಕಾಗಿ ಸಮರಿ ಜನರಲ್ ಎಂಬ ಮೂರನೆಯದುಂಟು. ನಾಲ್ಕನೆಯದಾದ ಸಮರಿ ಕೋರ್ಟ್ ಮಾರ್ಶಲ್ಲಿನ ವಿಷಯವನ್ನು ಮುಂದೆ ಹೇಳುವೆವು.

ಮೊದಲಿನ ಮೂರು ಬಗೆಯ ನ್ಯಾಯಾಲಯಗಳಲ್ಲಿ ತೀರ್ಪುಗಾರರಾಗಿ ಕೂಡುವ ಅಧಿಕಾರಿಗಳು ಕಾಯಿದೆಯನ್ನು ಓದಿದವರೇ ಆಗಿರಬೇಕೆಂಬ ನಿಯಮವಿಲ್ಲ. ಅವರು ತೋಪುಖಾನೆಯನ್ನೋ ರಣಗಾಡಿಯನ್ನೋ ನಡೆಸುವವರು. ಆದಕಾರಣವೇ ಪ್ರತಿಯೊಂದು ಜನರಲ್ ಕೋರ್ಟ್ ಮಾರ್ಶಲ್ಲಿನಲ್ಲಿ ಜಜ್ ಅಡ್ವೊಕೇಟನೊಬ್ಬನು ಇರಲೇಬೇಕೆಂದು ಕಾಯಿದೆಯ ೧೨೯ನೆಯ ಕಲಮು ವಿಧಿಸಿದೆ. ಅವನ ಕೆಲಸವು ಬಹು ಸೂಕ್ಷ್ಮವಾದದ್ದು. ಅವನು ಸರಕಾರದ ವಕೀಲನಲ್ಲ, ಆರೋಪಿಯ ವಕೀಲನೂ ಅಲ್ಲ, ನ್ಯಾಯಾಧೀಶನೂ ಅಲ್ಲ. ಉಭಯ ಪಕ್ಷದವರೂ ಕಾಯಿದೆಯ ಪ್ರಶ್ನೆಯ ಮೇಲೆ ಅವನ ಅಭಿಪ್ರಾಯವನ್ನು ಕೇಳಬಹುದು. ವಿಚಾರಣೆಯಲ್ಲಿ ಏನಾದರೂ ಅಕ್ರಮವು ನಡೆದರೆ ಅದನ್ನು ಅವನು ನ್ಯಾಯಾಸನಕ್ಕೆ ತಿಳಿಸಬೇಕು. ಕೊನೆಯಲ್ಲಿ ಸಾಕ್ಷ್ಯವನ್ನು ಸಂಗ್ರಹಿಸಿ ಹೇಳಬೇಕು. ಸಂಪೂರ್ಣ ನಿಷ್ಪಕ್ಷಪಾತದಿಂದ ನಡೆಯಬೇಕು. ಬಾಗಿಲು ಮುಚ್ಚಿಕೊಂಡು ಸದಸ್ಯರು ತೀರ್ಪಿನ ಆಲೋಚನೆ ಮಾಡುವಾಗಲೂ ಅವನು ಒಳಗೇ ಇರುವನು. ಆದರೆ ಅವನಿಗೆ ಮತವಿಲ್ಲ. ಅವನ ಮಾತು ಸಲಹೆಯೇ ಹೊರತು ಅಪ್ಪಣೆಯಲ್ಲ.

ಇಷ್ಟು ಭಾರವನ್ನು ಹೊತ್ತವನು ಎಲ್ಲಿಯವನು? ಅವನೂ ಸೇನೆಯ ಅಧಿಕಾರಿಯೇ. ಅವನ ಬಡ್ತಿಯೂ ವರ್ಗಾವಣೆಯೂ ಅದೇ ಸೇನೆಯ ಕೈಯಲ್ಲಿರುವವು. ಆರೋಪವನ್ನು ಹೊರಿಸಿ ನ್ಯಾಯಾಲಯವನ್ನು ಕೂಡಿಸುವ ಅಧಿಕಾರಿಗೆ ಖಟ್ಲೆಯ ಮುಂಚೆ ಕಾಯಿದೆಯ ಸಲಹೆ ಕೊಡುವದು ಅದೇ ಶಾಖೆ; ಖಟ್ಲೆಯಲ್ಲಿ ನ್ಯಾಯಾಸನಕ್ಕೆ ಸಲಹೆ ಕೊಡುವದು ಅದೇ ಶಾಖೆ; ತೀರ್ಪು ಮಂಜೂರಾತಿಗೆ ಹೋದಾಗ ಅದನ್ನು ಪರೀಕ್ಷಿಸಿ ಹೇಳುವದೂ ಅದೇ ಶಾಖೆ. ವ್ಯಕ್ತಿಗಳು ಬೇರೆ ಬೇರೆಯಾಗಿರಬಹುದು, ಮನೆಯೊಂದೇ. ಆ ಶಾಖೆಯಲ್ಲಿ ಪ್ರಾಮಾಣಿಕರೂ ಧೀರರೂ ಆದವರು ಬೇಕಾದಷ್ಟು ಜನರಿದ್ದಾರೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ನ್ಯಾಯವ್ಯವಸ್ಥೆಯು ಒಬ್ಬೊಬ್ಬನ ಧೈರ್ಯದ ಮೇಲೆ ನಿಲ್ಲತಕ್ಕದ್ದಲ್ಲ; ಸಾಮಾನ್ಯ ಮನುಷ್ಯನೂ ನಿರ್ಭಯನಾಗಿ ಸತ್ಯ ನುಡಿಯುವಂತೆ ಅದನ್ನು ಕಟ್ಟಿರಬೇಕು.

ಇದು ನಮ್ಮ ಕಲ್ಪನೆಯ ಭಯವಲ್ಲ. ಕಾಯಿದೆಯೇ ಈ ಭಯವನ್ನು ಒಪ್ಪಿಕೊಂಡಿದೆ. ನ್ಯಾಯಾಸನದ ಸದಸ್ಯರು ಮತ ಕೊಡುವಾಗ ಎಲ್ಲರಿಗಿಂತ ಕಿರಿಯನಾದವನು ಮೊದಲು ಮತ ಕೊಡಬೇಕೆಂದು ನಿಯಮವಿದೆ. ಏಕೆ? ಹಿರಿಯನು ಮೊದಲು ಬಾಯಿಬಿಟ್ಟರೆ ಕಿರಿಯನು ಅವನ ಮಾತಿಗೆ ತಲೆದೂಗುವನೆಂಬ ಶಂಕೆಯಿಂದಲೇ ಅಲ್ಲವೆ? ೨೦೦೦ನೆಯ ಇಸವಿಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆರೋಪಿಯಾದ ಅಧಿಕಾರಿಗಿಂತ ಕೆಳಗಿನ ದರ್ಜೆಯವನನ್ನು, ಬೇರೆಯವರು ದೊರೆಯದಿದ್ದ ಹೊರತು, ಜಜ್ ಅಡ್ವೊಕೇಟನನ್ನಾಗಿ ಕೂಡಿಸಲಾಗದೆಂದು ನಿರ್ಣಯಿಸಿತು. ದರ್ಜೆಯ ಹೆಚ್ಚು ಕಡಿಮೆಯು ಮನಸ್ಸನ್ನು ಬಾಗಿಸುವದೆಂಬ ತತ್ತ್ವವು ಈ ಎರಡೂ ಕಡೆಗಳಲ್ಲಿ ಮಾನ್ಯವಾಗಿದೆ. ಹಾಗಿದ್ದ ಮೇಲೆ, ನ್ಯಾಯಾಲಯವನ್ನು ಕೂಡಿಸಿದ ಹಿರಿಯ ಅಧಿಕಾರಿಯ ಇಚ್ಛೆಯು ಕಿರಿಯನಾದ ಜಜ್ ಅಡ್ವೊಕೇಟನ ಮನಸ್ಸನ್ನು ಬಾಗಿಸಲಾರದೆಂದು ಹೇಗೆ ನಂಬುವದು?

ಆರೋಪಿಯ ಪಕ್ಷವನ್ನು ಎತ್ತಿಹಿಡಿಯುವವರ ಸ್ಥಿತಿಯು ಇನ್ನೂ ದುರ್ಬಲವಾದದ್ದು. ಜನರಲ್ ಮತ್ತು ಡಿಸ್ಟ್ರಿಕ್ಟ್ ನ್ಯಾಯಾಲಯಗಳಲ್ಲಿ ಆರೋಪಿಗೆ ರಕ್ಷಣಾಧಿಕಾರಿಯೆಂದು ಒಬ್ಬ ಸೈನಿಕ ಅಧಿಕಾರಿಯು ಸಿಗುವನು. ಅವನು ವಕೀಲಿಯನ್ನು ಓದಿದವನೇ ಆಗಿರಬೇಕೆಂದಿಲ್ಲ. ಹೊರಗಿನ ವಕೀಲನಿಗೆ ಬರಲು ಅವಕಾಶವಿದೆ. ಆದರೆ ವಕೀಲರು ಬರುವದು ಯುಕ್ತವೆಂದು ಸೇನಾಧಿಪತಿಯಾಗಲಿ ನ್ಯಾಯಾಲಯವನ್ನು ಕೂಡಿಸುವ ಅಧಿಕಾರಿಯಾಗಲಿ ಘೋಷಿಸಿದಾಗ ಮಾತ್ರ ಆ ಅವಕಾಶ. ಅಂದರೆ ಆರೋಪಿಯ ಮುಖ್ಯವಾದ ರಕ್ಷಣೆಯು ಅವನ ಹಕ್ಕಾಗಿ ನಿಲ್ಲದೆ ಮೇಲಿನವರ ವಿವೇಚನೆಗೆ ಅಧೀನವಾಗಿದೆ.

ಇನ್ನು ಸಮರಿ ಕೋರ್ಟ್ ಮಾರ್ಶಲ್ಲಿಗೆ ಬರೋಣ. ೧೮೫೭ರ ಸ್ವಾತಂತ್ರ್ಯ ಸಮರದ ತರುವಾಯ ದೇಶೀ ಪಲ್ಟಣಗಳನ್ನು ಬಿಗಿಯಾಗಿ ಹಿಡಿಯುವದಕ್ಕಾಗಿ ಆಂಗ್ಲರು ಹುಟ್ಟಿಸಿದ ಸಂಸ್ಥೆಯಿದು. ಅವರ ಸ್ವಂತ ಸಿಪಾಯಿಗಳಿಗೆ ಇದು ಅನ್ವಯಿಸುತ್ತಿರಲಿಲ್ಲ. ಇಲ್ಲಿ ಪಲ್ಟಣದ ಮುಖ್ಯಾಧಿಕಾರಿಯೊಬ್ಬನೇ ನ್ಯಾಯಾಲಯ. ಇಬ್ಬರು ಬಂದು ಪಕ್ಕಕ್ಕೆ ಕುಳಿತಿರುವರು. ಅವರಿಗೆ ಪ್ರಮಾಣವಚನವೂ ಇಲ್ಲ, ಮತವೂ ಇಲ್ಲ. ಆ ಅಧಿಕಾರಿಯು ಲೆಫ್ಟಿನೆಂಟ್ ಕರ್ನಲ್ ಅಥವಾ ಅದಕ್ಕೂ ಮೇಲಿನ ದರ್ಜೆಯವನಾಗಿದ್ದರೆ ಒಂದು ವರ್ಷದ ಸೆರೆಯನ್ನೂ, ಕೆಳಗಿನವನಾಗಿದ್ದರೆ ಮೂರು ತಿಂಗಳ ಸೆರೆಯನ್ನೂ ವಿಧಿಸಬಲ್ಲನು. ನೌಕರಿಯಿಂದ ವಜಾ ಮಾಡಬಲ್ಲನು. ಸಾಮಾನ್ಯವಾಗಿ ಈ ಶಿಕ್ಷೆಗೆ ಮೇಲಿನವರ ಮಂಜೂರಾತಿಯೂ ಬೇಕಿಲ್ಲ. ಆಗಿಂದಾಗಲೇ ಜಾರಿಗೆ ಬರುವದು. ಅಧಿಕಾರಿಗಳನ್ನೂ ಜೂನಿಯರ್ ಕಮಿಶನ್ಡ್ ಅಧಿಕಾರಿಗಳನ್ನೂ ಹೀಗೆ ವಿಚಾರಿಸುವಂತಿಲ್ಲ. ಕೆಳಗಿನ ಸಿಪಾಯಿ ಹವಾಲದಾರರಿಗೆ ಮಾತ್ರ ಇದು ಮೀಸಲು. ಸಿಪಾಯಿಗೆ ಮಿತ್ರನೆಂದು ಒಬ್ಬನು ಸಹಾಯಕ್ಕೆ ಬರಬಹುದು. ಅವನು ವಕೀಲನೇ ಆಗಿದ್ದರೂ ಸಾಕ್ಷಿಗಳನ್ನು ಪ್ರಶ್ನಿಸುವಂತಿಲ್ಲ, ನ್ಯಾಯಾಲಯವನ್ನುದ್ದೇಶಿಸಿ ಮಾತನಾಡುವಂತಿಲ್ಲ; ಸಿಪಾಯಿಗೆ ಸಲಹೆಯನ್ನು ಮಾತ್ರ ಹೇಳಬಹುದು. ಕೆಂಪು ಕೋಟೆಯಲ್ಲಿ ಸಾಮ್ರಾಜ್ಯದ ಮುಂದೆ ಗರ್ಜಿಸಿದ ಭುಲಾಭಾಯಿಯವರಂಥವರೇ ಬಂದು ಕುಳಿತರೂ ಇಲ್ಲಿ ಆರೋಪಿಯ ಕಿವಿಯಲ್ಲಿ ಪಿಸುಗುಟ್ಟಬೇಕಲ್ಲದೆ ಬಾಯಿ ತೆರೆಯುವಂತಿಲ್ಲ. ಪರಕೀಯ ಸರಕಾರವು ೧೯೪೫ರಲ್ಲಿ ಕೊಟ್ಟದ್ದನ್ನು ಸ್ವಕೀಯ ಸರಕಾರವು ತನ್ನ ಬಡ ಸಿಪಾಯಿಗೆ ಕೊಡದೆ ಇರುವದು ಯಾವ ನ್ಯಾಯ?

ಇದರಿಂದಾಗುವ ಪರಿಣಾಮಕ್ಕೆ ಒಂದು ಉದಾಹರಣೆ ಸಾಕು. ಸಿಗ್ನಲ್ ಪಲ್ಟಣದ ಒಬ್ಬ ಸಿಪಾಯಿಯು ತನ್ನ ಮೇಲಧಿಕಾರಿಯು ತನಗೆ ಕಿರುಕುಳ ಕೊಡುವನೆಂದು ನೇರವಾಗಿ ಇನ್ನೂ ಮೇಲಿನವರಿಗೆ ಅರ್ಜಿ ಬರೆದುಕೊಂಡನು. ಕ್ರಮ ತಪ್ಪಿ ಅರ್ಜಿ ಕಳಿಸಿದನೆಂದು ಅದೇ ಅಧಿಕಾರಿಯು ಅವನಿಗೆ ೨೮ ದಿವಸಗಳ ಕಠಿಣ ಶಿಕ್ಷೆಯನ್ನು ಕೊಟ್ಟನು. ಆ ಶಿಕ್ಷೆಯಲ್ಲಿರುವಾಗ, ೧೯೮೫ರ ಮೇ ತಿಂಗಳಲ್ಲಿ, ಊಟ ಮಾಡೆಂದು ಆಜ್ಞೆಯಾದರೂ ಊಟ ಮಾಡಲಿಲ್ಲವೆಂಬುದು ಅವನ ಮೇಲೆ ಬಂದ ಹೊಸ ಆರೋಪ. ಮರುದಿನವೇ ಸಮರಿ ಕೋರ್ಟ್ ಮಾರ್ಶಲ್ ಕೂಡಿತು. ಯಾರ ಮೇಲೆ ಅವನು ಫಿರ್ಯಾದು ಹೇಳಿದ್ದನೋ ಆ ಅಧಿಕಾರಿಯೇ ನ್ಯಾಯಾಸನದಲ್ಲಿ ಭಾಗಿಯಾಗಿದ್ದನು. ಒಂದು ವರ್ಷದ ಸೆರೆ, ನೌಕರಿಯಿಂದ ವಜಾ. ಊಟ ಬಿಟ್ಟ ಅಪರಾಧಕ್ಕೆ ಒಬ್ಬನ ಜೀವನವೇ ಹಾಳಾಯಿತು.

ಎರಡು ವರ್ಷಗಳ ಮೇಲೆ, ೧೯೮೭ರಲ್ಲಿ, ಅವನ ಖಟ್ಲೆಯು ಸುಪ್ರೀಂ ಕೋರ್ಟಿಗೆ ಬಂದಾಗ ನಿರ್ಣಯವನ್ನು ಬರೆದವರು ನಮ್ಮ ಕನ್ನಡನಾಡಿನವರಾದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು. ತನ್ನನ್ನು ವಿಚಾರಿಸುವವರ ಬಗ್ಗೆ ಆಕ್ಷೇಪವುಂಟೇ ಎಂದು ಆರೋಪಿಯನ್ನು ಕೇಳಬೇಕೆಂದು ಕಾಯಿದೆಯ ೧೩೦ನೆಯ ಕಲಮು ಹೇಳುವದು, ಅದನ್ನು ಕೇಳಿರಲಿಲ್ಲ. ಪಕ್ಷಪಾತದ ಶಂಕೆಗೆ ಆಸ್ಪದವಿರುವವನು ನ್ಯಾಯಾಸನದಲ್ಲಿ ಕೂಡಬಾರದು, ಕುಳಿತಿದ್ದನು. ಶಿಕ್ಷೆಯು ಅಪರಾಧಕ್ಕೆ ತಕ್ಕದ್ದಾಗಿರಬೇಕು, ಆಗಿರಲಿಲ್ಲ. ಈ ಮೂರು ಕಾರಣಗಳಿಂದ ಶಿಕ್ಷೆಯನ್ನು ರದ್ದುಪಡಿಸಿ, ಅವನನ್ನು ಎಲ್ಲ ಸೌಲಭ್ಯಗಳೊಡನೆ ಮತ್ತೆ ನೌಕರಿಗೆ ತೆಗೆದುಕೊಳ್ಳಬೇಕೆಂದು ಅಪ್ಪಣೆಯಾಯಿತು. ಅಂದು ಆ ಠಾಣ್ಯದಲ್ಲಿ, ಬಾಯಿ ತೆರೆದು ಮಾತನಾಡುವ ಹಕ್ಕುಳ್ಳ ಒಬ್ಬ ವಕೀಲನಿದ್ದಿದ್ದರೆ ಈ ಮೂರು ಮಾತುಗಳನ್ನೂ ಅಲ್ಲಿಯೇ ಎತ್ತಿ ಹೇಳುತ್ತಿದ್ದನು. ಸಿಪಾಯಿಯ ಎರಡು ವರ್ಷಗಳೂ ಉಳಿಯುತ್ತಿದ್ದವು, ದಂಡಿನ ಮಾನವೂ ಉಳಿಯುತ್ತಿತ್ತು.

ಪ್ರತಿಪಕ್ಷದ ಮಾತನ್ನೂ ಕೇಳುವದು ನಮ್ಮ ಧರ್ಮ. ರಣರಂಗವು ಕಚೇರಿಯಲ್ಲ, ಪ್ರತಿಯೊಂದು ಆಜ್ಞೆಗೂ ವಕೀಲರ ವಾದವನ್ನು ಕೇಳುತ್ತ ಕುಳಿತರೆ ಶತ್ರುವು ಕಾಯುವದಿಲ್ಲ, ನಮ್ಮ ದಿವಾಣಿ ಫೌಜದಾರಿ ಕೋರ್ಟುಗಳಲ್ಲಿ ಖಟ್ಲೆಗಳು ವರ್ಷಗಟ್ಟಲೆ ಕೊಳೆಯುವಂತೆ ದಂಡಿನಲ್ಲಿಯೂ ಕೊಳೆಯಬೇಕೇ ಎಂದು ಅವರು ಕೇಳುವರು. ಈ ಮಾತಿನಲ್ಲಿ ಸತ್ಯಾಂಶವುಂಟು. ಗುಂಡು ಹಾರುತ್ತಿರುವಾಗ ಬೆನ್ನು ತಿರುಗಿಸಿದವನ ವಿಚಾರಣೆಯು ತ್ವರಿತವಾಗಿ ಆಗಬೇಕೆಂಬುದನ್ನು ನಾವೂ ಒಪ್ಪುವೆವು. ಆದರೆ ಶಾಂತಿಕಾಲದಲ್ಲಿ, ಊರ ನಡುವಿನ ಛಾವಣಿಯಲ್ಲಿ, ರಜೆ ಮೀರಿದವನನ್ನು ಒಂದೇ ದಿನದಲ್ಲಿ ವಜಾ ಮಾಡದಿದ್ದರೆ ಯಾವ ಕೋಟೆ ಬೀಳುವದು? ಸಮರಿ ಕೋರ್ಟ್ ಮಾರ್ಶಲ್ ನಿತ್ಯದ ಉಪಕರಣವಲ್ಲ. ತತ್‌ಕ್ಷಣದ ಕ್ರಮವು ಅನಿವಾರ್ಯವಾದಾಗ ಮಾತ್ರ ಬಳಸತಕ್ಕ ಅಪವಾದವೆಂದು ೨೦೧೬ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇದಕ್ಕಿಂತಲೂ ಬಲವಾದ ಇನ್ನೊಂದು ಉತ್ತರವು ನಮ್ಮ ಸೈನ್ಯದೊಳಗೇ ಇದೆ. ೧೯೫೦ರ ವಾಯುಸೇನೆಯ ಕಾಯಿದೆಯಲ್ಲಿಯೂ ೧೯೫೭ರ ನೌಕಾಸೇನೆಯ ಕಾಯಿದೆಯಲ್ಲಿಯೂ ಸಮರಿ ಕೋರ್ಟ್ ಮಾರ್ಶಲ್ ಎಂಬುದೇ ಇಲ್ಲ. ಅಷ್ಟರಿಂದ ನಮ್ಮ ವಿಮಾನಗಳು ಹಾರದೆ ನಿಂತವೇ? ಹಡಗುಗಳು ಮುಳುಗಿದವೇ?

ನಾವು ಯಾರಿಂದ ಈ ಪದ್ಧತಿಯನ್ನು ಕಡ ತಂದೆವೋ ಆ ಇಂಗ್ಲಂಡವು ಈಗ ಎಲ್ಲಿದೆ ಎಂಬುದನ್ನೂ ನೋಡಬೇಕು. ಸದಸ್ಯರನ್ನು ನೇಮಿಸುವದು, ಫಿರ್ಯಾದಿ ಪಕ್ಷದವನನ್ನು ನೇಮಿಸುವದು, ಕೊನೆಗೆ ತೀರ್ಪನ್ನು ಮಂಜೂರು ಮಾಡುವದು, ಇವೆಲ್ಲವೂ ಒಬ್ಬನೇ ಅಧಿಕಾರಿಯ ಕೈಯಲ್ಲಿದ್ದರೆ ಅದನ್ನು ಸ್ವತಂತ್ರ ನ್ಯಾಯಾಲಯವೆನ್ನಲಾಗದೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ೧೯೯೭ರ ಫೆಬ್ರುವರಿಯಲ್ಲಿ ಒಬ್ಬ ಆಂಗ್ಲ ಸೈನಿಕನ ಖಟ್ಲೆಯಲ್ಲಿ ತೀರ್ಪು ಕೊಟ್ಟಿತು. ಇಂಗ್ಲಂಡವು ಅಷ್ಟರೊಳಗೆ ೧೯೯೬ರ ಕಾಯಿದೆಯಿಂದ ಆ ಪದ್ಧತಿಯನ್ನು ಕಿತ್ತು ಹಾಕಿತ್ತು. ೨೦೦೬ರ ಕಾಯಿದೆಯಿಂದ ಅಲ್ಲಿ ಒಂದು ಖಾಯಂ ಸೈನಿಕ ನ್ಯಾಯಾಲಯವಾಯಿತು. ಅಲ್ಲಿಯ ಜಜ್ ಅಡ್ವೊಕೇಟನು ಸೇನೆಯವನಲ್ಲ, ನಾಗರಿಕ ನ್ಯಾಯಾಧೀಶನು. ಅಮೇರಿಕವು ೧೯೫೦ರಲ್ಲಿ ಸೈನಿಕ ನ್ಯಾಯದ ಏಕರೂಪ ಸಂಹಿತೆಯನ್ನು ಮಾಡಿ, ೧೯೬೮ರಲ್ಲಿ ಸೈನಿಕ ನ್ಯಾಯಾಧೀಶನೆಂಬ ಹುದ್ದೆಯನ್ನು ನಿರ್ಮಿಸಿತು. ದೊಡ್ಡ ಖಟ್ಲೆಗಳಲ್ಲಿ ಆರೋಪಿಗೆ ಕಾಯಿದೆ ಓದಿದ ಸೈನಿಕ ವಕೀಲನನ್ನು ಸರಕಾರದ ಖರ್ಚಿನಿಂದಲೇ ಕೊಡುವದು. ಗುರುವು ಬಿಟ್ಟ ಹಳೆಯ ಪಾಠವನ್ನು ಶಿಷ್ಯನು ಕಂಠಪಾಠ ಮಾಡುತ್ತಲೇ ಇರುವದು ಉಚಿತವೇ?

ನಮ್ಮಲ್ಲಿ ಏನೂ ಸುಧಾರಣೆಯಾಗಿಲ್ಲವೆಂದು ಹೇಳಿದರೆ ಅಸತ್ಯವಾಗುವದು. ಕೋರ್ಟ್ ಮಾರ್ಶಲ್ಲಿನ ತೀರ್ಪಿನ ಮೇಲೆ ಒಂದಾದರೂ ಅಪೀಲು ಇಲ್ಲದಿರುವದು ದೊಡ್ಡ ಕೊರತೆಯೆಂದು ಸುಪ್ರೀಂ ಕೋರ್ಟು ೧೯೮೨ರಲ್ಲಿ ಎತ್ತಿ ತೋರಿಸಿತು. ಇಪ್ಪತ್ತೈದು ವರ್ಷಗಳ ಮೇಲೆ, ೨೦೦೭ರಲ್ಲಿ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾಯಿದೆಯಾಯಿತು. ೨೦೦೯ರಲ್ಲಿ ಮಂಡಳಿಯು ಕೆಲಸಕ್ಕೆ ತೊಡಗಿತು. ನಿವೃತ್ತ ನ್ಯಾಯಾಧೀಶರೂ ನಿವೃತ್ತ ಸೇನಾಧಿಕಾರಿಗಳೂ ಅದರಲ್ಲಿ ಜೊತೆಯಾಗಿ ಕೂಡುವರು. ಹೈಕೋರ್ಟುಗಳ ರಿಟ್ ಅಧಿಕಾರವು ಮಂಡಳಿಯ ತೀರ್ಪುಗಳ ಮೇಲೂ ಉಳಿದಿದೆಯೆಂದು ೨೦೨೩ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ತೀರ್ಪಿಗೆ ಕಾರಣಗಳನ್ನೇ ಬರೆಯದೆ ಇದ್ದ ಕಾಲವೂ ಹೋಗಿ, ಸಂಕ್ಷೇಪವಾಗಿಯಾದರೂ ಕಾರಣಗಳನ್ನು ಬರೆಯಬೇಕೆಂದು ನಿಯಮಗಳಲ್ಲಿ ತಿದ್ದುಪಡಿಯಾಗಿದೆ. ಇವೆಲ್ಲವೂ ಸಂತೋಷದ ಸಂಗತಿಗಳೇ.

ಆದರೆ ಅಪೀಲು ಎಂಬುದು ಗಾಯವಾದ ಮೇಲೆ ಹಚ್ಚುವ ಮದ್ದು. ಮೊದಲನೆಯ ನ್ಯಾಯಾಲಯದಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಸಾಕ್ಷಿಯು ಊರು ಬಿಟ್ಟುಹೋದ ಮೇಲೆ ಯಾರು ಕೇಳುವರು? ಸಮರಿ ನ್ಯಾಯಾಲಯದಲ್ಲಿ ವಜಾ ಆದವನೂ ಮೂರು ತಿಂಗಳಿಗೆ ಮಿಕ್ಕಿ ಸೆರೆಯಾದವನೂ ಮಂಡಳಿಯ ಬಾಗಿಲನ್ನು ತಟ್ಟಬಹುದು. ಅದಕ್ಕಿಂತ ಕಡಿಮೆ ಶಿಕ್ಷೆಯಾದವನಿಗೆ ಆ ಬಾಗಿಲೂ ಮುಚ್ಚಿದೆ. ತಟ್ಟಬಹುದಾದ ಬಾಗಿಲಾದರೂ ಎಲ್ಲಿದೆ? ಕರ್ನಾಟಕಕ್ಕೆ ತನ್ನದೇ ಆದ ಖಾಯಂ ಪೀಠವಿಲ್ಲ. ನಮ್ಮ ನಾಡು ಕೊಚ್ಚಿಯ ಪೀಠದ ವ್ಯಾಪ್ತಿಗೆ ಸೇರಿದೆ. ಬೀದರದಿಂದ ಕೊಚ್ಚಿಗೆ ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ನೌಕರಿ ಹೋಗಿ, ಪೆನ್‌ಶನ್ ಹೋಗಿ, ಹೊಲದ ಬದುವಿನ ಮೇಲೆ ಕುಳಿತ ಸಿಪಾಯಿಗೆ ಆ ದಾರಿಯು ಕಾಶಿಯಷ್ಟೇ ದೂರ.

ಆದ್ದರಿಂದ ನಾವು ಕೇಳುವದು ಹೆಚ್ಚಿನದೇನೂ ಅಲ್ಲ. ಮೊದಲನೆಯದು, ಶಾಂತಿಕಾಲದಲ್ಲಿ ಯಾವ ಸಿಪಾಯಿಯನ್ನೂ, ಅವನ ಪರವಾಗಿ ಬಾಯಿ ತೆರೆದು ವಾದಿಸುವ ಹಕ್ಕುಳ್ಳ, ಕಾಯಿದೆ ಓದಿದ ವಕೀಲನಿಲ್ಲದೆ ಸೆರೆಗೆ ಕಳಿಸಬಾರದು, ವಜಾ ಮಾಡಬಾರದು. ಎರಡನೆಯದು, ಜಜ್ ಅಡ್ವೊಕೇಟನ ನೇಮಕವೂ ಬಡ್ತಿಯೂ ನ್ಯಾಯಾಲಯವನ್ನು ಕೂಡಿಸುವ ಅಧಿಕಾರಿಗಳ ಕೈಗೆ ಎಟಕದಂತಿರಬೇಕು. ಕಾಯಿದೆಯ ಪ್ರಶ್ನೆಯಲ್ಲಿ ಅವನ ಮಾತು ಸಲಹೆಯಾಗಿರದೆ ನಿರ್ಣಯವಾಗಿರಬೇಕು. ಮೂರನೆಯದು, ಅದೇ ಶಾಖೆಯಲ್ಲಿ ಆರೋಪಿಗಳ ರಕ್ಷಣೆಗಾಗಿಯೇ ಒಂದು ಪ್ರತ್ಯೇಕ ವರ್ಗವನ್ನು ಕಟ್ಟಬೇಕು. ಇಂದು ಆರೋಪಿಯ ವಿರುದ್ಧ ಸಲಹೆ ಕೊಟ್ಟ ಮನೆಯಿಂದಲೇ ನಾಳೆ ಅವನ ಹಿತಚಿಂತಕನು ಬರುವಂತಾಗಬಾರದು. ಸ್ತ್ರೀಪುರುಷರೆನ್ನದೆ ಯೋಗ್ಯತೆಯಿಂದ ಆಯ್ದ ತರುಣ ವಕೀಲರು ಆ ಶಾಖೆಗೆ ಬರುತ್ತಿರುವ ಈ ಕಾಲದಲ್ಲಿ ಅವರಿಗೆ ಸಮವಸ್ತ್ರವನ್ನಷ್ಟೇ ಕೊಟ್ಟು ಸ್ವಾತಂತ್ರ್ಯವನ್ನು ಕೊಡದಿದ್ದರೆ ಅವರ ವಿದ್ಯೆಯು ವ್ಯರ್ಥ.

ಇವು ದಿಲ್ಲಿಯಲ್ಲಿ ಆಗತಕ್ಕ ಕೆಲಸಗಳು. ನಮ್ಮ ಪ್ರತಿನಿಧಿಗಳು ಪಾರ್ಲಿಮೆಂಟಿನಲ್ಲಿ ಇವುಗಳಿಗಾಗಿ ದನಿ ಎತ್ತಬೇಕು. ಆದರೆ ನಮ್ಮ ಊರಿನಲ್ಲಿಯೇ ನಾವು ಮಾಡಬಹುದಾದದ್ದೂ ಉಂಟು. ಆರೋಪಪತ್ರ ಬಂದಾಗ ಏನು ಕೇಳಬೇಕು, ನ್ಯಾಯಾಸನದಲ್ಲಿ ಕುಳಿತವರ ಬಗ್ಗೆ ಆಕ್ಷೇಪ ಹೇಳುವ ಹಕ್ಕು ಹೇಗಿದೆ, ಶಿಕ್ಷೆಯಾದ ಮೇಲೆ ಯಾರಿಗೆ ಅರ್ಜಿ ಬರೆಯಬೇಕು ಎಂಬ ಐದಾರು ಸಂಗತಿಗಳನ್ನು ತಿಳಿಗನ್ನಡದಲ್ಲಿ ಒಂದು ಚಿಕ್ಕ ಕೈಪಿಡಿಯಾಗಿ ಬರೆದು ಹಂಚುವದು ನಮ್ಮ ವಕೀಲರ ಸಂಘಗಳಿಗೆ ಅಸಾಧ್ಯವಲ್ಲ. ಪರಭಾಷೆಯಲ್ಲಿ ಅಚ್ಚಾದ ಹಕ್ಕು ಹಳ್ಳಿಯ ಸಿಪಾಯಿಗೆ ಬೀಗ ಹಾಕಿದ ಪೆಟ್ಟಿಗೆಯಿದ್ದಂತೆ. ಅದರ ಕೀಲಿಕೈ ತಾಯಿನುಡಿಯಲ್ಲಿದೆ. ದಂಡಿಗೆ ಹೊರಟ ವಿದ್ಯಾರ್ಥಿಯನ್ನು ಹರಸಿ ಕಳಿಸುವ ಮಾಸ್ತರರು ಆ ಕೈಪಿಡಿಯನ್ನೂ ಅವನ ಚೀಲದಲ್ಲಿಟ್ಟು ಕಳಿಸಲಿ. ಊರಿನ ವಕೀಲರು ತಿಂಗಳಿಗೆ ಒಂದು ದಿನವನ್ನಾದರೂ ಸಿಪಾಯಿಗಳ ಮನೆಯವರಿಗಾಗಿ ಫೀ ಇಲ್ಲದೆ ಮೀಸಲಿಡಲಿ.

ಗಡಿಯಲ್ಲಿ ನಿಂತ ಸಿಪಾಯಿಯು ಆ ಗಡಿಯೊಳಗಿನ ನಮ್ಮೆಲ್ಲರ ನ್ಯಾಯವನ್ನು ಕಾಯುತ್ತಾನೆ. ಅವನ ಖಟ್ಲೆ ನಡೆಯುವಾಗ ಅವನ ಪರವಾಗಿ ಮಾತನಾಡಲು ಒಬ್ಬನಾದರೂ ಸ್ವತಂತ್ರನು ನಿಂತಿರಲಿ ಎಂದು ಕೇಳುವದು ದಂಡಿನ ಮೇಲಿನ ಅವಿಶ್ವಾಸವಲ್ಲ. ದಂಡಿನ ಮೇಲೆ ನಮಗಿರುವ ಗೌರವದ ಗುರುತು.